ಅಟ್ಟದ ಇನ್ಸುಲೇಷನ್: ಸೆಲ್ಯುಲೋಸ್ ಬಿಟ್ಟು ಫೈಬರ್‌ಗ್ಲಾಸ್ ಆರಿಸಿದ್ದು ಏಕೆ

ಶಿಕಾಗೋ ಹೊರವಲಯದ ನಮ್ಮ ಮನೆಯ ಅಟ್ಟದಲ್ಲಿ ಇದ್ದದ್ದು ಮೂರೂವರೆ ಇಂಚಿನ ಹಳೆಯ ಫೈಬರ್‌ಗ್ಲಾಸ್ ಹಾಸು, ಅಂದರೆ ಆರ್-11 (ಆರ್ ಎಂದರೆ ಶಾಖ ದಾಟದಂತೆ ತಡೆಯುವ ಶಕ್ತಿಯ ಅಳತೆ; ಹೆಚ್ಚಿದ್ದಷ್ಟೂ ಒಳ್ಳೆಯದು). ಇಲ್ಲಿನ ಚಳಿಗೆ ಕನಿಷ್ಠ ಆರ್-49 ಬೇಕು. ಕಟ್ಟಡಗಳ ಇಂಧನ ಉಳಿತಾಯಕ್ಕೆಂದು ಬಂದ 2021ರ ಮಾದರಿ ಸಂಹಿತೆಯಂತೂ ಹೊಸ ಮನೆಗಳಿಗೆ ಆರ್-60 ಕೇಳಿತ್ತು. ಹಾಸು ಒಣಗಿಯೇ ಇತ್ತು, ಇಲಿ ಹಿಕ್ಕೆ ಇರಲಿಲ್ಲ. ಅದನ್ನು ಕೀಳದೆ ಮೇಲೆ ಆರ್-38ರಷ್ಟು ಸೇರಿಸಿದೆ. (ಹಳೆಯ ಮನೆಗಳಲ್ಲಿ ಬೂದು-ಕಂದು ಬಣ್ಣದ, ಮಿನುಗುವ ಹರಳಿನಂಥ ವರ್ಮಿಕ್ಯುಲೈಟ್ ಕಂಡರೆ ಕೈ ಹಾಕಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು.)

ಮೊದಲು ಮನಸ್ಸಿನಲ್ಲಿದ್ದದ್ದು ಸೆಲ್ಯುಲೋಸ್. ಬೋರೇಟ್ ಬೆರೆಸಿದ ಹಳೆ ಪತ್ರಿಕೆಯ ಪುಡಿ ಅದು, ಇಂಚಿಗೆ ಆರ್-3.5 ಆಸುಪಾಸು, ಸಂದುಗೊಂದುಗಳಿಗೂ ಚೆನ್ನಾಗಿ ಇಳಿಯುತ್ತದೆ. ತೊಡಕು ತೂಕದ್ದು. ಆರ್-38ಕ್ಕೆ ಸುಮಾರು 11 ಇಂಚು ತುಂಬಿದರೆ ಚದರ ಅಡಿಗೆ 1.4 ಪೌಂಡ್ ದಾಟುತ್ತದೆ. ಮಾಡು, ಚಾವಣಿಗಳನ್ನು ಹೊರುವ ನಮ್ಮ ಮರದ ಟ್ರಸ್‌ಗಳ ನಡುವೆ 24 ಇಂಚು ಅಂತರ, ಕೆಳಗಿರುವುದು ಅರ್ಧ ಇಂಚಿನ ಸಾಮಾನ್ಯ ಡ್ರೈವಾಲ್ (ಚಾವಣಿಯ ಜಿಪ್ಸಮ್ ಹಲಗೆ). ಅದು ತಾಳುವ ಮಿತಿ ಚದರ ಅಡಿಗೆ 1.3 ಪೌಂಡ್. ಮೀರಿದರೆ ಬರಬರುತ್ತಾ ಚಾವಣಿ ಜೋತುಬೀಳುತ್ತದೆ. ಯಂತ್ರದಿಂದ ಊದುವ ಬಿಡಿ ಫೈಬರ್‌ಗ್ಲಾಸ್ 13ರಿಂದ 15 ಇಂಚು ದಪ್ಪ ಬೇಡುತ್ತದೆ, ಆದರೆ ತೂಕ ಅದರ ಅರ್ಧದಷ್ಟೂ ಇಲ್ಲ. ಅಂತರ 16 ಇಂಚು ಇದ್ದಿದ್ದರೆ ಸೆಲ್ಯುಲೋಸನ್ನೇ ಹಾಕುತ್ತಿದ್ದೆ.

ಮಾಡಿನ ಒಳಮೈಗೆ ಸಿಂಪಡಿಸುವ ಸ್ಪ್ರೇ ಫೋಮ್? ಮನೆ ಬಿಸಿಮಾಡುವ ಫರ್ನೇಸ್, ಬಿಸಿಗಾಳಿ ಸಾಗಿಸುವ ಡಕ್ಟ್ ಎರಡೂ ಅಟ್ಟದಲ್ಲೇ ಇದ್ದರೆ ಯೋಚಿಸಬಹುದು. ಇಲ್ಲದಿದ್ದರೆ ಅಷ್ಟು ದುಡ್ಡು ಸುರಿಯಲು ಕಾರಣವಿಲ್ಲ. ಮಾಡು ಸೋರಿದರೂ ಬೇಗ ತಿಳಿಯುವುದಿಲ್ಲ.

ಊದುವುದು ಕೊನೆಯ ಕೆಲಸ. ನಿಜವಾದ ಬೆವರು ಹರಿಯುವುದು ತೂತು ಮುಚ್ಚುವಾಗ. ಸಂದುಗಳಿಂದ ಮೇಲೇರುವ ಬೆಚ್ಚನೆಯ ತೇವದ ಗಾಳಿ ಮಾಡಿನ ಹಲಗೆಗೆ ತಾಗಿ ಹಿಮಗಟ್ಟುತ್ತದೆ, ಕರಗಿದಾಗ ಹಲಗೆ ಬೂಷ್ಟು ಹಿಡಿಯುತ್ತದೆ. ಹಾಸನ್ನು ಎತ್ತಿ ಎತ್ತಿ ನೋಡಿ: ಫೈಬರ್‌ಗ್ಲಾಸ್ ಕಪ್ಪಾಗಿರುವ ಕಡೆ ಗಾಳಿ ಸೋರುತ್ತಿದೆ ಎಂದರ್ಥ. ವೈರು, ಪೈಪು ಗೋಡೆಯೊಳಗೆ ಇಳಿಯುವ ತೂತುಗಳಿಗೆ ಡಬ್ಬಿಯ ಫೋಮ್ ಸಾಕು. ಗ್ಯಾಸ್ ಹೊಗೆಕೊಳವೆಯ ಸುತ್ತ ಮಾತ್ರ ಫೋಮ್ ಕೂಡದು. ತಗಡು ಕತ್ತರಿಸಿ ಕೂರಿಸಿ, ಬೆಂಕಿ ತಾಳುವ ಸೀಲೆಂಟ್ ಹಚ್ಚಬೇಕು, ಇನ್ಸುಲೇಷನ್ ತಾಗದಂತೆ ತಗಡಿನ ಬೇಲಿ ಕಟ್ಟಬೇಕು. ಚಾವಣಿಯೊಳಗೆ ಹುದುಗಿಸಿದ ದೀಪದ ಮೇಲೆ 'ಐಸಿ' ಗುರುತು (ಇನ್ಸುಲೇಷನ್ ತಾಗಿದರೂ ಅಪಾಯವಿಲ್ಲ ಎಂಬ ಸೂಚನೆ) ಇಲ್ಲದಿದ್ದರೆ ಸುತ್ತ ಮೂರು ಇಂಚು ಬಿಡಿ, ಆದರೆ ಬದಲಿಸುವುದೇ ಮೇಲು. ಬಚ್ಚಲಿನ ಫ್ಯಾನಿನ ಕೊಳವೆ ಅಟ್ಟದಲ್ಲೇ ಬಾಯಿ ಬಿಟ್ಟಿದ್ದರೆ ಮಾಡಿನಾಚೆಗೆ ಒಯ್ಯಿರಿ. ಮನೆ ಬಿಗಿಯಾದ ಮೇಲೆ ಗ್ಯಾಸ್ ಗೀಸರಿನ ಹೊಗೆ ಒಳಕ್ಕೆ ತಿರುಗಬಹುದು. ಅದನ್ನು ಪರೀಕ್ಷೆ ಮಾಡಿಸಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿ.

ಸೂರಿನಿಂದ ಗಾಳಿ ಬರುವ ಪ್ರತಿ ಕಂಡಿಗೂ ಒಂದೊಂದು ಬ್ಯಾಫಲ್ (ಗಾಳಿಯ ದಾರಿ ಕಾಯುವ ತಡೆಹಾಳೆ) ಹೊಡೆದು, ಹಲಗೆಯ ಕೆಳಗೆ ಒಂದು ಇಂಚಾದರೂ ದಾರಿ ಉಳಿಸಬೇಕು. ಇದನ್ನು ಬಿಟ್ಟು ಊದಿದರೆ ಸೂರು ಮುಚ್ಚಿಹೋಗುತ್ತದೆ.

ಯಂತ್ರ ಬಾಡಿಗೆಗೆ ಸಿಗುತ್ತದೆ; ಹೆಚ್ಚು ಚೀಲ ಕೊಂಡರೆ ಕೆಲವು ಅಂಗಡಿಗಳು ಬಿಟ್ಟಿಯಾಗಿಯೇ ಕೊಡುತ್ತವೆ. ಕೆಳಗೊಬ್ಬರು ಚೀಲ ತುಂಬಲು, ಮೇಲೊಬ್ಬರು ಮೆದುಗೊಳವೆ ಹಿಡಿಯಲು ಬೇಕು. ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಕಡ್ಡಾಯ. ದೂರದ ಮೂಲೆಯಿಂದ ಶುರುಮಾಡಿ ಬಾಗಿಲ ಕಡೆಗೆ ಹಿಂದೆ ಸರಿಯಬೇಕು.

ನಮ್ಮವರು ಊರಿಗೆ ಒಯ್ಯುವ ಸೂಟ್‌ಕೇಸುಗಳನ್ನೆಲ್ಲ ಅಟ್ಟಕ್ಕೆ ಎಸೆಯುತ್ತಾರೆ. ಅದರಡಿ ಅಮುಕಿದ ಫೈಬರ್‌ಗ್ಲಾಸ್ ಅರ್ಧಕ್ಕರ್ಧ ನಿಷ್ಪ್ರಯೋಜಕ. ಬಾಗಿಲ ಪಕ್ಕ ಎತ್ತರದ ಹಲಗೆ ಕಟ್ಟಿ ಅಲ್ಲೇ ಇಡಿ. ಬಾಗಿಲ ಬೆನ್ನಿಗೂ ಎರಡು ಇಂಚಿನ ಫೋಮ್ ಹಲಗೆಗಳನ್ನು ಪದರಪದರವಾಗಿ ಅಂಟಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಾಕಿ.

ಗುತ್ತಿಗೆದಾರರಿಗೆ ಕೊಡುವುದಾದರೆ ಅಳತೆಪಟ್ಟಿಯ ಎತ್ತರವೊಂದನ್ನೇ ನಂಬಬೇಡಿ. ಗಾಳಿ ಹೆಚ್ಚು ಬೆರೆಸಿ ಊದಿದರೆ ಕಡಿಮೆ ಚೀಲದಲ್ಲೂ 15 ಇಂಚು ತೋರಿಸಬಹುದು. 1000 ಚದರ ಅಡಿಗೆ ಎಷ್ಟು ಚೀಲ ಎಂಬ ಪಟ್ಟಿ ಚೀಲದ ಮೇಲೆಯೇ ಅಚ್ಚಾಗಿರುತ್ತದೆ. ಹಣ ಕೊಡುವ ಮುನ್ನ ಖಾಲಿ ಚೀಲಗಳನ್ನು ಎಣಿಸಿ.