ಸಂಯುಕ್ತ ಘಟನೆಗಳ ಸಂಭವನೀಯತೆಯನ್ನು ಕಂಡುಹಿಡಿಯುವ ಕ್ರಮ

ಎರಡು ಘಟನೆಗಳು ಒಟ್ಟಿಗೆ ನಡೆಯುವ ಸಂಭವನೀಯತೆಯನ್ನು ಲೆಕ್ಕ ಹಾಕುವ ಮುನ್ನ, ಮೊದಲನೆಯದರ ಫಲಿತಾಂಶವು ಎರಡನೆಯದನ್ನು ಬದಲಿಸುತ್ತದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಆಮೇಲೆ ಎರಡರ ಸಂಭವನೀಯತೆಗಳನ್ನು ಗುಣಿಸಬೇಕು; ಆದರೆ ಜನ ಎಡವುವುದು ಗುಣಾಕಾರದಲ್ಲಲ್ಲ, ಈ ಮೊದಲ ಹೆಜ್ಜೆಯಲ್ಲಿಯೇ. ನಾಣ್ಯ ಚಿಮ್ಮಿ ದಾಳ ಉರುಳಿಸಿದಾಗ ಒಂದಕ್ಕೊಂದು ಸಂಬಂಧವಿರದ ಕಾರಣ, ಶಿರ ಮತ್ತು 6 ಎರಡೂ ಬೀಳುವ ಸಂಭವನೀಯತೆ 1/2 × 1/6 = 1/12. ಆದರೆ 3 ಕೆಂಪು, 2 ನೀಲಿ ಚೆಂಡುಗಳಿರುವ ಚೀಲದಿಂದ ಒಂದು ಕೆಂಪು ಚೆಂಡನ್ನು ತೆಗೆದು ಮರಳಿ ಹಾಕದಿದ್ದರೆ, ಉಳಿಯುವ 4 ಚೆಂಡುಗಳಲ್ಲಿ ಕೆಂಪು 2 ಮಾತ್ರ. ಆದ್ದರಿಂದ ಎರಡೂ ಸಲ ಕೆಂಪೇ ಬರುವ ಸಂಭವನೀಯತೆ 3/5 × 2/4, ಅಂದರೆ 3/10. (ಮರಳಿ ಹಾಕಿದ್ದರೆ ಅದು 9/25 ಆಗುತ್ತಿತ್ತು.) ‘ಇದು ಅಥವಾ ಅದು’ ನಡೆಯುವ ಸಂಭವನೀಯತೆ ಕೇಳಿದಾಗ ಎರಡರ ಸಂಭವನೀಯತೆಗಳನ್ನೂ ಕೂಡಿಸಿ, ಎರಡಕ್ಕೂ ಸೇರಿದ ಭಾಗವನ್ನು ಒಮ್ಮೆ ಕಳೆಯಬೇಕು: ದಾಳದಲ್ಲಿ ಸಮಸಂಖ್ಯೆ ಅಥವಾ 3ಕ್ಕಿಂತ ದೊಡ್ಡ ಸಂಖ್ಯೆ ಬೀಳುವುದಕ್ಕೆ, 4 ಮತ್ತು 6 ಎರಡಕ್ಕೂ ಸೇರುವುದರಿಂದ, 3/6 + 3/6 − 2/6 = 2/3.