ಈಸ್ಟ್ರೋಜನ್ ಗ್ರಾಹಕದ ಒಳಗನ್ನು ನೀವೇ ನೋಡುವುದು ಹೇಗೆ?

ಪ್ಲಾಸ್ಟಿಕ್‌ನಲ್ಲಿರುವ ಒಂದು ರಾಸಾಯನಿಕ ಹಾರ್ಮೋನಿನಂತೆ ವರ್ತಿಸುತ್ತದೆ, ಮತ್ತೊಂದು ರಾಸಾಯನಿಕ ಸ್ತನ ಕ್ಯಾನ್ಸರಿಗೆ ಔಷಧವಾಗುತ್ತದೆ. ಈ ಎರಡೂ ಸಂಗತಿಗಳ ಬೇರು ಒಂದೇ ಪ್ರೋಟೀನಿನ ಒಳಗಿರುವ ಪುಟ್ಟ ಪೊಟರೆಯಲ್ಲಿದೆ. ಅದನ್ನು ಕಣ್ಣಾರೆ ನೋಡಲು ಪ್ರಯೋಗಾಲಯ ಬೇಕಿಲ್ಲ. ಇಂಟರ್ನೆಟ್ ಇರುವ ಕಂಪ್ಯೂಟರ್ ಮತ್ತು ಸ್ವಲ್ಪ ತಾಳ್ಮೆ ಸಾಕು.

ನೋಡುವ ಮುನ್ನ ಪರಿಚಯ ಮಾಡಿಕೊಳ್ಳೋಣ. ಮನುಷ್ಯನಲ್ಲಿ 48 ನ್ಯೂಕ್ಲಿಯರ್ ಗ್ರಾಹಕಗಳಿವೆ, ಅಂದರೆ ಜೀವಕೋಶದೊಳಗಿದ್ದು ಜೀನ್‌ಗಳನ್ನು ನಿಯಂತ್ರಿಸುವ ಪ್ರೋಟೀನುಗಳು. ಈಸ್ಟ್ರೋಜನ್, ಕಾರ್ಟಿಸಾಲ್, ಥೈರಾಯ್ಡ್ ಹಾರ್ಮೋನು, ವಿಟಮಿನ್ ಡಿ ಇವೆಲ್ಲ ಕೆಲಸ ಮಾಡುವುದು ಇಂಥ ಗ್ರಾಹಕಗಳ ಮೂಲಕ. ಹಾರ್ಮೋನು ಬಂದು ಕೂತರೆ ಗ್ರಾಹಕದ ಆಕಾರ ಬದಲಾಗುತ್ತದೆ. ಡಿಎನ್‌ಎ ಮೇಲೆ ಕುಳಿತ ಗ್ರಾಹಕ ಆಗ ನಿರ್ದಿಷ್ಟ ಜೀನ್‌ಗಳನ್ನು ಚಾಲೂ ಮಾಡುತ್ತದೆ. ನಾವು ನೋಡಲಿರುವ ಈಸ್ಟ್ರೋಜನ್ ಗ್ರಾಹಕ ಆಲ್ಫಾ 595 ಅಮೈನೋ ಆಮ್ಲಗಳ ಸರಪಳಿ. ಅದರ ಮುಂಭಾಗಕ್ಕೆ ಸ್ಥಿರವಾದ ಆಕಾರವಿಲ್ಲ. ನಡುವಿನ ತುಂಡು ಎರಡು ಸತುವಿನ ಅಯಾನುಗಳ ಆಸರೆಯಿಂದ ಡಿಎನ್‌ಎಯನ್ನು ಹಿಡಿಯುತ್ತದೆ. ಅದರಾಚೆ ಬಾಗುವ ಒಂದು ಸಣ್ಣ ಕೊಂಡಿ, ಆಮೇಲೆ ಹಾರ್ಮೋನು ಕೂರುವ ತುಂಡು. ನಮ್ಮ ಗಮನವೆಲ್ಲ ಈ ಕೊನೆಯದರ ಮೇಲೆ.

ಹೆಜ್ಜೆ 1: ರಚನೆಯನ್ನು ತೆರೆಯಿರಿ

ಪ್ರೋಟೀನುಗಳ ಮೂರು ಆಯಾಮದ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನ ಜಾಲತಾಣಕ್ಕೆ ಹೋಗಿ. ಇದು ಎಲ್ಲರಿಗೂ ಉಚಿತ. ಹುಡುಕುವ ಜಾಗದಲ್ಲಿ 1ಇಆರ್‌ಇ ಎಂಬ ಸಂಕೇತವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. 1997ರಲ್ಲಿ ಪ್ರಕಟವಾದ ಈ ರಚನೆಯಲ್ಲಿ ಗ್ರಾಹಕದೊಂದಿಗೆ ದೇಹದ ಸ್ವಂತ ಹಾರ್ಮೋನು ಈಸ್ಟ್ರಡಯಾಲ್ ಇದೆ. ಮೂರು ಆಯಾಮದ ನೋಟ ತೆರೆದಾಗ ಒಂದರ ಬದಲು ಆರು ಪ್ರತಿಗಳು ಕಂಡರೆ ಗಾಬರಿಯಾಗಬೇಡಿ. ಸ್ಫಟಿಕದಲ್ಲಿ ಅಣುಗಳು ಹಾಗೆ ಜೋಡಿಸಿಕೊಂಡಿದ್ದವು, ಅಷ್ಟೆ. ‘ಎ’ ಸರಪಳಿಯೊಂದನ್ನು ಉಳಿಸಿಕೊಂಡು ಮಿಕ್ಕವನ್ನು ಮರೆಮಾಡಿ.

ಹೆಜ್ಜೆ 2: ಸುರುಳಿಗಳನ್ನು ಗುರುತಿಸಿ

ರಿಬ್ಬನ್‌ನಂತೆ ಕಾಣುವ ಸುರುಳಿಗಳನ್ನು ನಿಧಾನವಾಗಿ ತಿರುಗಿಸಿ ನೋಡಿ. ಸುಮಾರು ಹನ್ನೆರಡು ಸುರುಳಿಗಳು ಮೂರು ಪದರಗಳಲ್ಲಿ ಒತ್ತಿಕೊಂಡಿರುತ್ತವೆ. ಉಳಿದ ನ್ಯೂಕ್ಲಿಯರ್ ಗ್ರಾಹಕಗಳಲ್ಲೂ ಹೆಚ್ಚುಕಡಿಮೆ ಇದೇ ವಿನ್ಯಾಸ. ಸರಪಳಿಯ ತುದಿಯ ಕಡೆ, 538ರಿಂದ 546ರ ಆಸುಪಾಸಿನ (ಈ ಸಂಖ್ಯೆಗಳು ಸರಪಳಿಯಲ್ಲಿನ ಸ್ಥಾನಗಳು) ಅಮೈನೋ ಆಮ್ಲಗಳಿರುವ ಸುರುಳಿಗೆ ಬೇರೆ ಬಣ್ಣ ಕೊಡಿ. ಇದೇ ಹನ್ನೆರಡನೆಯ ಸುರುಳಿ. ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಹೆಜ್ಜೆ 3: ಹಾರ್ಮೋನಿನ ಮೇಲೆ ಕ್ಲಿಕ್ ಮಾಡಿ

ಈಸ್ಟ್ರಡಯಾಲ್‌ನ ಸಂಕೇತ ಇಎಸ್‌ಟಿ. ಅದನ್ನು ಆರಿಸಿದೊಡನೆ ಸುತ್ತಲಿನ ಅಮೈನೋ ಆಮ್ಲಗಳು ಕಾಣಿಸಿಕೊಳ್ಳುತ್ತವೆ, ಬಂಧಗಳನ್ನು ಚುಕ್ಕೆಗೆರೆಗಳು ತೋರಿಸುತ್ತವೆ. ಇಲ್ಲಿ ಅವಸರ ಮಾಡಬೇಡಿ. ಅಣುವಿನ ಒಂದು ತುದಿಯಲ್ಲಿರುವ ಫೀನಾಲ್ ಉಂಗುರದ ಹೈಡ್ರಾಕ್ಸಿಲ್ ಗುಂಪನ್ನು ಗ್ಲುಟಮೇಟ್ 353, ಆರ್ಜಿನಿನ್ 394 ಮತ್ತು ಒಂದು ನೀರಿನ ಅಣು ಹೈಡ್ರೋಜನ್ ಬಂಧಗಳಿಂದ ಹಿಡಿದಿವೆ. ಇನ್ನೊಂದು ತುದಿಯ ಹೈಡ್ರಾಕ್ಸಿಲ್ ಗುಂಪಿಗೆ ಹಿಸ್ಟಿಡಿನ್ 524 ಕೈಚಾಚಿದೆ. ದೂರ ಅಳೆಯುವ ಸಾಧನ ಬಳಸಿ ನೋಡಿ. ಸುಮಾರು 2.5ರಿಂದ 3.5 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯ ಒಂದು ಪಾಲು) ಒಳಗಿದ್ದರೆ ಹೈಡ್ರೋಜನ್ ಬಂಧವೆಂದು ಒಪ್ಪಬಹುದು.

ಎರಡು ತುದಿಗಳ ನಡುವೆ ಬಂಧದ ಗೆರೆಗಳಿಲ್ಲವೆಂದು ಆ ಭಾಗವನ್ನು ಕಡೆಗಣಿಸಬಾರದು. ಅಲ್ಲಿರುವ ಲ್ಯೂಸಿನ್, ಫಿನೈಲಲನಿನ್, ಮೆಥಿಯೊನಿನ್‌ಗಳು ನೀರನ್ನು ದೂರವಿಡುವ ಗೋಡೆ ಕಟ್ಟಿವೆ. ಎಣ್ಣೆಯ ಗುಣದ ಹಾರ್ಮೋನು ಇಲ್ಲಿ ಬಿಗಿಯಾಗಿ ನಿಲ್ಲುವುದರಲ್ಲಿ ಈ ಗೋಡೆಯ ಪಾಲು ದೊಡ್ಡದು. ಹಾಗೆಂದು ಪೊಟರೆ ಈಸ್ಟ್ರಡಯಾಲ್‌ನ ಅಳತೆಗೇ ಕೊರೆದದ್ದಲ್ಲ. ಅದರ ಗಾತ್ರ ಸುಮಾರು 450 ಘನ ಆಂಗ್‌ಸ್ಟ್ರಾಮ್, ಹಾರ್ಮೋನಿನದು ಸುಮಾರು 245. ಹೊರಗಿನ ಎಷ್ಟೋ ರಾಸಾಯನಿಕಗಳಿಗೆ ಇಲ್ಲಿ ಜಾಗ ಸಿಗುವುದಕ್ಕೆ ಈ ಸಡಿಲ ಜಾಗವೂ ಒಂದು ಕಾರಣ. ಆರಂಭದಲ್ಲಿ ಹೇಳಿದ ಪ್ಲಾಸ್ಟಿಕ್‌ನ ರಾಸಾಯನಿಕ ಬಿಸ್ಫಿನಾಲ್ ಎ ಇರುವ ರಚನೆಯನ್ನು (3ಯುಯು7) ತೆರೆದರೆ ಇದು ಸ್ಪಷ್ಟವಾಗುತ್ತದೆ. ಅದಕ್ಕೂ ಎರಡು ತುದಿಗಳಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿವೆ, ಅವೂ ಇದೇ ಜಾಗಗಳನ್ನು ಹಿಡಿಯುತ್ತವೆ. ಹಿಡಿತ ಮಾತ್ರ ಈಸ್ಟ್ರಡಯಾಲ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ದುರ್ಬಲ.

ಹೆಜ್ಜೆ 4: ಟ್ಯಾಮಾಕ್ಸಿಫೆನ್ ರಚನೆಯೊಂದಿಗೆ ಹೋಲಿಸಿ

ಈಗ 1998ರ ರಚನೆ 3ಇಆರ್‌ಟಿಯನ್ನು ತೆರೆಯಿರಿ. ಇದರಲ್ಲಿರುವುದು ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ದೇಹದಲ್ಲಿ ಮಾರ್ಪಟ್ಟು ಆಗುವ ರೂಪ. ಎರಡೂ ರಚನೆಗಳನ್ನು ಒಂದರ ಮೇಲೊಂದು ಹೊಂದಿಸಿ ನೋಡಿದರೆ ಬಹುಪಾಲು ಸುರುಳಿಗಳು ತಾಳೆಯಾಗುತ್ತವೆ. ಔಷಧದ ಫೀನಾಲ್ ತುದಿ ಕೂಡ 353 ಮತ್ತು 394ರ ನಡುವೆಯೇ ಕೂತಿದೆ. ಹಾಗಿದ್ದರೆ ಒಂದು ಜೀನ್‌ಗಳನ್ನು ಚಾಲೂ ಮಾಡಿ ಇನ್ನೊಂದು ತಡೆಯುವುದೇಕೆ?

ಹನ್ನೆರಡನೆಯ ಸುರುಳಿಯನ್ನು ನೋಡಿ. ಈಸ್ಟ್ರಡಯಾಲ್ ಇದ್ದಾಗ ಅದು ಪೊಟರೆಯ ಮೇಲೆ ಮುಚ್ಚಳದಂತೆ ಬಂದು ಕೂರುತ್ತದೆ. ಟ್ಯಾಮಾಕ್ಸಿಫೆನ್‌ಗೆ ಉದ್ದನೆಯ ಬಾಲವಿದೆ, ಅದರ ತುದಿಯ ಸಾರಜನಕ ಆಸ್ಪಾರ್ಟೇಟ್ 351ರ ಬಳಿ ಹೊರಚಾಚಿದೆ. ಬಾಲ ಅಡ್ಡ ಬಂದ ಕಾರಣ ಸುರುಳಿ ಮುಚ್ಚಲಾಗದೆ ಪಕ್ಕದ ತಗ್ಗಿಗೆ ಹೋಗಿ ಬಿದ್ದಿದೆ.

ಆ ತಗ್ಗು ಖಾಲಿ ಜಾಗವಲ್ಲ ಎಂಬುದೇ ಇಡೀ ಕಥೆಯ ತಿರುಳು. 3ಇಆರ್‌ಡಿ ರಚನೆಯಲ್ಲಿ ಅದೇ ತಗ್ಗಿನಲ್ಲಿ ಇನ್ನೊಂದು ಪ್ರೋಟೀನಿನ ಚಿಕ್ಕ ತುಣುಕು ಕೂತಿರುವುದು ಕಾಣುತ್ತದೆ. ಜೀನ್‌ ಚಾಲೂ ಆಗಲು ನೆರವಾಗುವ ಸಹಾಯಕ ಪ್ರೋಟೀನುಗಳು ಗ್ರಾಹಕಕ್ಕೆ ಅಂಟಿಕೊಳ್ಳುವುದು ಅಲ್ಲಿಯೇ. ಔಷಧ ಗ್ರಾಹಕದ ಸ್ವಂತ ಸುರುಳಿಯಿಂದಲೇ ಆ ಜಾಗವನ್ನು ತುಂಬಿಸಿಬಿಡುತ್ತದೆ. ಹಾಗಾಗಿ ಒಂದು ರಾಸಾಯನಿಕ ‘ಗ್ರಾಹಕಕ್ಕೆ ಅಂಟುತ್ತದೆ’ ಎಂದು ಓದಿದರೆ ಅಲ್ಲಿಗೇ ನಿಲ್ಲಬೇಡಿ, ಅಂಟಿದ ಮೇಲೆ ಹನ್ನೆರಡನೆಯ ಸುರುಳಿ ಎಲ್ಲಿ ನಿಂತಿತೆಂದು ಕೇಳಿ.

ಹೆಜ್ಜೆ 5: 537 ಮತ್ತು 538ನ್ನು ಹುಡುಕಿ

1ಇಆರ್‌ಇಗೆ ಮರಳಿ, ಹನ್ನೆರಡನೆಯ ಸುರುಳಿ ಆರಂಭವಾಗುವಲ್ಲಿರುವ ಟೈರೋಸಿನ್ 537 ಮತ್ತು ಆಸ್ಪಾರ್ಟೇಟ್ 538ನ್ನು ಆರಿಸಿ. ಹಾರ್ಮೋನು ಚಿಕಿತ್ಸೆಗೆ ಬಗ್ಗದೆ ಮರಳುವ ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ 537ರ ಜಾಗದಲ್ಲಿ ಸೆರಿನ್ ಅಥವಾ 538ರ ಜಾಗದಲ್ಲಿ ಗ್ಲೈಸಿನ್ ಬಂದಿರುತ್ತದೆ. ಅಂಥ ಗ್ರಾಹಕದಲ್ಲಿ ಹಾರ್ಮೋನು ಇಲ್ಲದಿದ್ದರೂ ಸುರುಳಿ ಪೊಟರೆಯ ಮೇಲೆ ಮುಚ್ಚಿಕೊಳ್ಳುವ ಸ್ಥಿತಿಗೆ ವಾಲುತ್ತದೆ. ದೇಹದಲ್ಲಿ ಈಸ್ಟ್ರೋಜನ್ ಉತ್ಪಾದನೆಯನ್ನೇ ತಗ್ಗಿಸುವ ಔಷಧಗಳು ಆಗ ಸಾಲದೇ ಹೋಗುತ್ತವೆ.