ಹದಿನೇಳನೇ ಅಧ್ಯಾಯದ ‘ನೀನು’

ನಾನು ಕನ್ನಡದಲ್ಲಿ ಬರೆದದ್ದು ರೀಜೆನ್ಸಿ ಕಾದಂಬರಿ, ಎಂದರೆ ಹತ್ತೊಂಬತ್ತನೇ ಶತಮಾನದ ಆರಂಭದ ಇಂಗ್ಲೆಂಡಿನ ಶ್ರೀಮಂತರ ನಡುವೆ ನಡೆಯುವ ಲಘುವಾದ ಪ್ರೇಮಕಥೆ. ಅದರ ಮೊದಲ ಕರಡಿನಲ್ಲಿ ನಾಯಕ, ನಾಯಕಿ ಮುಸ್ಸಂಜೆಯ ಹೊತ್ತಿಗೆ ಹಳ್ಳಿಯ ಇಗರ್ಜಿಯೊಂದರಲ್ಲಿ ಯಾರಿಗೂ ತಿಳಿಸದೆ ಮದುವೆಯಾಗಿದ್ದರು. ಒಳಗೆ ಮೇಣದಬತ್ತಿಯ ಬೆಳಕು, ಹೊರಗೆ ಜಿಟಿಜಿಟಿ ಮಳೆ. ಬರೆದು ಮುಗಿಸಿದಾಗ ನನ್ನ ಕಣ್ಣೇ ತುಂಬಿ ಬಂದಿತ್ತು. ಆಮೇಲೆ ತಿಳಿಯಿತು, 1814ರ ಇಂಗ್ಲೆಂಡಿನಲ್ಲಿ ಅಂಥ ಮದುವೆಗೆ ಅವಕಾಶವೇ ಇರಲಿಲ್ಲ. ಬೆಳಿಗ್ಗೆ ಎಂಟರಿಂದ ಹನ್ನೆರಡರ ಒಳಗೆ ಮದುವೆ ಮುಗಿಯಬೇಕು. ಅದಕ್ಕೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ಎಲ್ಲರೆದುರು ಸಾರಬೇಕು, ಇಲ್ಲವೇ ಬಿಷಪ್ಪರಿಂದ ಪರವಾನಗಿ ತರಬೇಕು. ಹೊತ್ತು, ಸ್ಥಳಗಳ ಕಟ್ಟಿಲ್ಲದೆ ಮದುವೆಯಾಗಲು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ವಿಶೇಷ ಪರವಾನಗಿಯೊಂದೇ ದಾರಿ. ಮೂರು ಅಧ್ಯಾಯಗಳನ್ನು ಹರಿದು ಹಾಕಿದೆ.

ಹರಿದು ಹಾಕಿದ್ದು ಒಳ್ಳೆಯದೇ ಆಯಿತು. ಓದುಗಳಾಗಿ ವರ್ಷಗಟ್ಟಲೆ ಈ ಬಗೆಯ ಕಾದಂಬರಿಗಳ ರೂಢಿಗಳನ್ನು ಅಲಂಕಾರವೆಂದೇ ತಿಳಿದಿದ್ದೆ. ಓಡಿಹೋಗುವ ಜೋಡಿ, ತೋರಿಕೆಯ ನಿಶ್ಚಿತಾರ್ಥ, ಕಾವಲಿಗೆ ಕೂರುವ ಸೋದರತ್ತೆ, ಹೆಸರು ಕೆಡಿಸಿಕೊಂಡ ಶ್ರೀಮಂತ ಯುವಕ, ಇವೆಲ್ಲ ಪುಸ್ತಕದಿಂದ ಪುಸ್ತಕಕ್ಕೆ ಬರುತ್ತಲೇ ಇರುತ್ತವೆ. ಬರೆಯಲು ಕುಳಿತಾಗ ಒಂದೊಂದರ ಬೆನ್ನಿಗೂ ಒಂದು ಕಟ್ಟಳೆ ಇರುವುದು ಕಂಡಿತು. ಪ್ರೇಮಿಗಳೆಲ್ಲ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್‌ಗೇ ಏಕೆ ಓಡುತ್ತಾರೆ? ಇಗರ್ಜಿಯಲ್ಲಿ ಸಾರುವುದನ್ನು ಇಲ್ಲವೇ ಪರವಾನಗಿಯನ್ನು ಕಡ್ಡಾಯ ಮಾಡಿದ್ದ 1753ರ ವಿವಾಹ ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಗಡಿ ದಾಟಿದರೆ ಸಾಕು, ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಗೆ ಹೇಳಿದರೆ ಮದುವೆಯಾಯಿತು. ಹಿರಿಯರ ಅನುಮತಿಯ ಮಾತೇ ಇಲ್ಲ. ಗ್ರೆಟ್ನಾ ಗಡಿಯಾಚೆಗೇ ಸಿಗುವ ಹಳ್ಳಿ.

ಲಂಡನ್ನಿನಿಂದ ಅಲ್ಲಿಗೆ ಮುನ್ನೂರು ಮೈಲಿಗೂ ಹೆಚ್ಚು. ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ: ಬಾಡಿಗೆ ಗಾಡಿ ಗಂಟೆಗೆ 8 ಮೈಲಿ ಓಡಿತೆಂದರೂ ಎಲ್ಲೂ ನಿಲ್ಲದೆ 40 ಗಂಟೆ. ಹತ್ತು ಹದಿನೈದು ಮೈಲಿಗೊಮ್ಮೆ ಛತ್ರದಲ್ಲಿ ಕುದುರೆ ಬದಲಿಸಬೇಕು. ಅಂದರೆ ಇಪ್ಪತ್ತಕ್ಕೂ ಹೆಚ್ಚು ನಿಲುಗಡೆ. ಪ್ರತಿ ನಿಲುಗಡೆಯಲ್ಲೂ ಗಾಲಿ ಮುರಿಯಬಹುದು, ಕುದುರೆ ಸಿಗದೆ ಹೋಗಬಹುದು, ಹಿಂದೆ ಬಿದ್ದ ಅಣ್ಣ ಬಂದು ಮುಟ್ಟಬಹುದು, ಹುಡುಗಿಗೆ ಹಸಿವಾಗಿ ಹುಡುಗನ ಮೇಲೆ ಸಿಟ್ಟು ಬರಬಹುದು. ಎಲ್ಲ ಕಾದಂಬರಿಗಳಲ್ಲೂ ಆ ಪ್ರಯಾಣ ಏಕೆ ಕೆಡುತ್ತದೆ ಎಂಬುದು ಆ ಲೆಕ್ಕದಿಂದಲೇ ಅರ್ಥವಾಯಿತು. ನಾನೂ ಕೆಡಿಸಿದೆ. ನಾಯಕಿಯ ತಂಗಿಯನ್ನು ಓಡಿಸಿ, ಅವಳ ಬೆನ್ನು ಹತ್ತಲು ನಾಯಕನನ್ನೂ ನಾಯಕಿಯನ್ನೂ ಒಂದೇ ಗಾಡಿಯಲ್ಲಿ ಕೂರಿಸಿದೆ.

ಕಾಲದ ವಿಷಯ. ಮೂರನೇ ಜಾರ್ಜ್ ದೊರೆ ಬುದ್ಧಿಭ್ರಮಣೆಯಿಂದ ಆಳಲಾರದಾದಾಗ ಮಗ ರೀಜೆಂಟ್ ಆಗಿ ಅಧಿಕಾರ ನಡೆಸಿದ್ದು 1811ರಿಂದ 1820ರವರೆಗೆ. ಈ ಕಾದಂಬರಿಗಳ ‘ರೀಜೆನ್ಸಿ’ ಎಂಬ ಹೆಸರು ಬಂದದ್ದು ಆ ಒಂಬತ್ತೇ ವರ್ಷದಿಂದ. ಅದರಲ್ಲಿ ನಾನು 1814ನ್ನು ಆರಿಸಿಕೊಂಡದ್ದು ಮಂಜುಗಡ್ಡೆಯ ಆಸೆಯಿಂದ. ಆ ವರ್ಷದ ಫೆಬ್ರವರಿ ಮೊದಲ ದಿನಗಳಲ್ಲಿ ಥೇಮ್ಸ್ ನದಿ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆಯೇ ನೆರೆದಿತ್ತು. ಗುಡಾರ, ತಿಂಡಿ ಅಂಗಡಿ, ಸ್ಥಳದಲ್ಲೇ ನೆನಪಿನ ಕಾಗದ ಅಚ್ಚು ಹಾಕಿಕೊಡುವ ಮುದ್ರಣಯಂತ್ರ. ಲಂಡನ್ನಿನ ಥೇಮ್ಸ್ ಮೇಲೆ ನಡೆದ ಕೊನೆಯ ಜಾತ್ರೆ ಅದು. ಶ್ರೀಮಂತ, ಬಡವ ಎನ್ನದೆ ಎಲ್ಲರೂ ಒಂದೇ ಮಂಜಿನ ಮೇಲೆ ಜಾರುವ ಆ ಜಾಗಕ್ಕಿಂತ ಚೆನ್ನಾದ ಮೊದಲ ಭೇಟಿ ನನಗೆ ಬೇರೆ ಹೊಳೆಯಲಿಲ್ಲ. ಲಂಡನ್ನಿನ ಶ್ರೀಮಂತರು ಸೇರುತ್ತಿದ್ದ ಅಲ್ಮ್ಯಾಕ್ಸ್ ನೃತ್ಯಸಭೆಯನ್ನು ಮಾತ್ರ ಎರಡೇ ಪುಟದಲ್ಲಿ ಮುಗಿಸಿದೆ. ಬುಧವಾರದ ನೃತ್ಯ, ಗಣ್ಯ ಮಹಿಳೆಯರು ಕೊಡುವ ಪ್ರವೇಶ ಚೀಟಿ, ತೆಳ್ಳನೆಯ ಬ್ರೆಡ್ಡು, ನಿಂಬೆ ಪಾನಕ, ಎಲ್ಲವೂ ಈ ಕಾದಂಬರಿಗಳ ಓದುಗರಿಗೆ ಬಾಯಿಪಾಠವಾಗಿವೆ.

ಒಂದು ರೂಢಿಯನ್ನು ನಾನು ಒಪ್ಪಲಿಲ್ಲ. ಇಂಡಿಯಾದಿಂದ ಹಣ ಕಟ್ಟಿಕೊಂಡು ಬರುವ ಚಿಕ್ಕಪ್ಪ ಕೊನೆಯ ಅಧ್ಯಾಯದಲ್ಲಿ ಎಲ್ಲರ ಸಾಲ ತೀರಿಸುತ್ತಾನಲ್ಲ, ಆ ಹಣ ಎಲ್ಲಿಯದು ಎಂದು ಕನ್ನಡದಲ್ಲಿ ಬರೆಯುವವರು ಕೇಳದೆ ಇರಲಾಗದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಸಂಪತ್ತನ್ನು ಸೈನ್ಯದವರು ದರ್ಜೆಯ ಪ್ರಕಾರ ಪಾಲು ಹಾಕಿಕೊಂಡರು. ಈ ಕಾದಂಬರಿಗಳಲ್ಲಿ ವಾಟರ್ಲೂ ವೀರನಾಗಿ ಬರುವ ವೆಲಿಂಗ್ಟನ್, ಅಂದು ಆರ್ಥರ್ ವೆಲ್ಲೆಸ್ಲಿಯಾಗಿ ಅದೇ ಪಟ್ಟಣದ ಆಡಳಿತ ವಹಿಸಿಕೊಂಡವನು. ಆ ಹಣದಿಂದ ನನ್ನ ನಾಯಕಿಯ ಮನೆ ಉಳಿಯುವುದು ಬೇಡವೆನ್ನಿಸಿತು. ಚಿಕ್ಕಪ್ಪನನ್ನು ತೆಗೆದುಹಾಕಿ, ನಾಯಕ ಪ್ರಾಣದಂತೆ ಸಾಕಿದ್ದ ಜೋಡಿ ಕುದುರೆಗಳನ್ನು ಮಾರುವಂತೆ ಮಾಡಿದೆ. ಅವಳಿಗೆ ಹೇಳದೆ ಮಾರುತ್ತಾನೆ. ಖಾಲಿ ಲಾಯ ನೋಡಿ ಅವಳಿಗೆ ತಿಳಿಯುತ್ತದೆ. ಕಥೆ ಇದರಿಂದ ಗಟ್ಟಿಯಾಯಿತೆಂದೇ ನನ್ನ ನಂಬಿಕೆ.

ಇಷ್ಟೆಲ್ಲ ಆದರೂ ಅತಿ ಹೆಚ್ಚು ದಿನ ತಿಂದದ್ದು ಭಾಷೆ. ‘ಮಹಾಪ್ರಭು’ ಎಂದು ಬರೆದರೆ ಕಂಪನಿ ನಾಟಕದ ದರ್ಬಾರು ಎದ್ದು ನಿಲ್ಲುತ್ತದೆ. ‘ಲಾರ್ಡ್’, ‘ಡ್ಯೂಕ್’, ‘ಲೇಡಿ’ ಹಾಗೆಯೇ ಉಳಿದವು. ಆ ಸಮಾಜದಲ್ಲಿ ಸಲಿಗೆಯ ಅಳತೆಗೋಲು ಹೆಸರು. ಬಿರುದು ಬಿಟ್ಟು ಹೆಸರು ಹಿಡಿದು ಕರೆದರೆ ಓದುಗರ ಎದೆ ಹಾರುತ್ತದೆ. ನಮ್ಮಲ್ಲಿ ಹೆಸರಿಗೆ ಅಷ್ಟು ಕಸುವಿಲ್ಲ. ನಮ್ಮ ಅಳತೆಗೋಲು ‘ನೀವು’, ‘ನೀನು’. ಹಾಗಾಗಿ ಇಬ್ಬರ ಬಾಯಲ್ಲೂ ಕಟ್ಟುನಿಟ್ಟಾಗಿ ‘ನೀವು’ ಇಟ್ಟೆ. ಜಗಳದಲ್ಲೂ, ನೃತ್ಯದಲ್ಲೂ, ಮಳೆಗೆ ಸಿಕ್ಕಿ ಒಂದೇ ಛತ್ರದಲ್ಲಿ ತಂಗಿದಾಗಲೂ.

ಬಹುವಚನ ಕಳಚುವುದು ಯಾವಾಗ, ಮೊದಲು ಕಳಚುವವರು ಯಾರು? ಕರಡಿನಲ್ಲಿ ಅವನಿಂದ ‘ನೀನು’ ಅನ್ನಿಸಿದ್ದೆ. ಗಟ್ಟಿಯಾಗಿ ಓದಿದಾಗ ಕಸಿವಿಸಿಯಾಯಿತು. ಗಂಡ ‘ನೀನು’ ಎನ್ನುವುದು, ಹೆಂಡತಿ ಕೊನೆಯವರೆಗೂ ‘ನೀವು’ ಎನ್ನುವುದು ನಮ್ಮ ಎಷ್ಟೋ ಮನೆಗಳ ವಾಡಿಕೆ. ಅವನ ‘ನೀನು’ ಒಲವಾಗಿ ಕೇಳಿಸದೆ ಯಜಮಾನಿಕೆಯಾಗಿ ಕೇಳಿಸಿತು. ಇಡೀ ಪುಸ್ತಕದ ಲಘುತನ ಆ ಒಂದು ಪದದ ಕೆಳಗೆ ನಲುಗುತ್ತಿತ್ತು. ಮತ್ತೆ ಬರೆದೆ. ಹದಿನೇಳನೇ ಅಧ್ಯಾಯದಲ್ಲಿ ಗಾಡಿ ಹಳ್ಳಕ್ಕೆ ಮಗುಚುತ್ತದೆ. ಕೆಸರಿನಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದ ಅವನನ್ನು ಅವಳು ಎರಡೂ ಕೈಯಿಂದ ಅಲುಗಾಡಿಸುತ್ತಾಳೆ.

“ನೀನು ಸತ್ತೇ ಹೋದೆ ಎಂದುಕೊಂಡೆ!”

ಅವನು ಕಣ್ಣು ತೆರೆಯುತ್ತಾನೆ. “ಇನ್ನೊಮ್ಮೆ ಹೇಳಿ.”

“ಏನನ್ನು?”

“ಮೊದಲ ಪದವನ್ನು.”

ಅವಳು ಹೇಳುವುದಿಲ್ಲ. ಎದ್ದು, ಲಂಗದ ಕೆಸರು ಕೊಡವಿ, “ನಿಮ್ಮ ಟೋಪಿ ಅಲ್ಲಿದೆ” ಎಂದು ಹಳ್ಳದ ಕಡೆ ಕೈ ತೋರಿಸುತ್ತಾಳೆ. ಅವನು ಟೋಪಿ ತರಲು ಹೋಗುವುದಿಲ್ಲ. ಅವಳ ಬಾಯಿಂದ ಆ ಪದ ಇನ್ನೊಮ್ಮೆ ಬರಲು ಓದುಗರು ನಾಲ್ಕು ಅಧ್ಯಾಯ ಕಾಯಬೇಕು. ಅಲ್ಲಿ ಅವಳು ಅದನ್ನು ಮೆಲ್ಲಗೆ, ಖಾಲಿ ಲಾಯದ ಬಾಗಿಲಲ್ಲಿ ನಿಂತು ಹೇಳುತ್ತಾಳೆ.